ತಾನಾಗಿ ಆಸ್ಪತ್ರೆಗೆ ಹೋದ ಮೇಷ್ಟ್ರು

ನಮ್ಮಣ್ಣ ಹಳ್ಳಿಗಳಲ್ಲಿ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಶಿರಾದಿಂದ ಮಧುಗಿರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕಿರುವ ಊರು ನಮ್ಮದು. ಕುರಿ ಸಾಕುವ ಮನೆತನ. ಅಪ್ಪ ಮಂದೆ ಹೊಡೆದುಕೊಂಡು ಬುಕ್ಕಾಪಟ್ಟಣದ ಕುರುಚಲು ಕಾಡಿನವರೆಗೂ ಅಲೆಯುತ್ತಿದ್ದರು. ಅಣ್ಣನನ್ನೂ ಅದೇ ದಾರಿಗೆ ಹಚ್ಚಬೇಕೆಂದು ನೋಡಿದರು. ಅವನು ಮಾತ್ರ ಕುರಿಗಳನ್ನು ಹೊಲಕ್ಕೆ ಬಿಟ್ಟು, ಊರಿಗೆ ಬಂದಿದ್ದ ಒಬ್ಬ ನಾಟಕದ ಮೇಷ್ಟ್ರ ಮುಂದೆ ಕೂತುಬಿಡುತ್ತಿದ್ದ. ಕೊನೆಗೊಂದು ದಿನ ಅವರ ಹಾರ್ಮೋನಿಯಂ ಹೊತ್ತುಕೊಂಡು ಅವರ ಹಿಂದೆಯೇ ಹೊರಟುಹೋದ. ತಿರುಗಿ ಬರುವಾಗ ಅವನೇ ಮೇಷ್ಟ್ರಾಗಿದ್ದ.

ಅವನು ಕಲಿಸುವುದನ್ನು ನೋಡಬೇಕಿತ್ತು. ಅಕ್ಷರ ಬಾರದ ರೈತರು, ದಿನವಿಡೀ ಕಡಲೆಕಾಯಿ ಹೊಲದಲ್ಲಿ ಬಗ್ಗಿ ಕೆಲಸ ಮಾಡಿದವರು, ಇವನ ಬಾಯಿಂದ ಕೇಳಿ ಕೇಳಿಯೇ ಉದ್ದುದ್ದ ಪದ್ಯಗಳನ್ನು ಕಲಿತುಬಿಡುತ್ತಿದ್ದರು. ದನಿ ಇಲ್ಲದವನಿಗೂ ಅವನ ಗಂಟಲಿಗೆ ಒಪ್ಪುವ ಮಟ್ಟು ಹುಡುಕಿಕೊಡುತ್ತಿದ್ದ. ಸುಗ್ಗಿ ಮುಗಿದರೆ ಸಾಕು, ಕೊರಟಗೆರೆ ಕಡೆಯಿಂದ, ಪಾವಗಡದ ಕಡೆಯಿಂದ ಜನ ಬಂದು ನಮ್ಮ ಜಗಲಿಯ ಮೇಲೆ ಕೂರುತ್ತಿದ್ದರು. ಮೇಷ್ಟ್ರು ನಮ್ಮೂರಿಗೇ ಮೊದಲು ಬರಬೇಕು ಎಂದು ಅವರವರೇ ಜಗಳ ಆಡುತ್ತಿದ್ದರು.

ಮೇಷ್ಟ್ರು ಬಂದರೆ ಕೋಳಿ ಕುಯ್ಯಬೇಕು, ಸಾರಾಯಿ ತರಿಸಬೇಕು. ಅದು ಊರಿನ ಮರ್ಯಾದೆ. ಅಣ್ಣನಿಗೆ ಕುಡಿತ ಬಂದದ್ದು ಹೀಗೆ, ಗೌರವದ ರೂಪದಲ್ಲಿ. ಮೊದಮೊದಲು ತಾಲೀಮು ಮುಗಿದ ಮೇಲೆ ಕುಡಿಯುತ್ತಿದ್ದ. ಆಮೇಲೆ ತಾಲೀಮಿಗೆ ಮೊದಲು. ಕೊನೆಕೊನೆಗೆ ಹಾಸಿಗೆಯಿಂದ ಏಳುತ್ತಲೇ ಬೇಕಾಗುತ್ತಿತ್ತು. ಬೆಳಗ್ಗೆ ಎದ್ದಾಗ ಕೈ ನಡುಗುವುದು, ಹಲ್ಲುಜ್ಜಿದರೆ ವಾಂತಿ ಬರುವುದು, ಒಂದು ಲೋಟ ಹೊಟ್ಟೆಗೆ ಬಿದ್ದ ಮೇಲೆ ಎಲ್ಲ ಸುಮ್ಮನಾಗುವುದು. ಅದನ್ನು ಕಂಡು ನಾವೆಲ್ಲ ಸಾರಾಯಿಯೇ ಅವನ ಮೈಗೆ ಮದ್ದು ಎಂದುಕೊಂಡಿದ್ದೆವು. ಅವ್ವನಂತೂ ಅವನಿಗೆ ತಿಂಡಿ ಕೊಡುವ ಮೊದಲು, “ಮೊದ್ಲು ಅದನ್ನ ಕುಡ್ದು ಬಂದ್ಬುಡು ಮಗ, ಆಮ್ಯಾಕೆ ಉಣ್ಣೀಯಂತೆ” ಅನ್ನುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಕಳ್ಳಂಬೆಳ್ಳದ ಕಡೆ ಒಂದು ಶಾಲೆಯಲ್ಲಿ ಮೇಡಂ ಕೆಲಸ ಸಿಕ್ಕಿತ್ತು. ರಜೆಗೆ ಊರಿಗೆ ಬರುತ್ತಿದ್ದೆ. ಒಂದು ಬೇಸಿಗೆ ರಜೆಯಲ್ಲಿ ಬಂದಾಗ ಅಣ್ಣ ಮನೆಯಲ್ಲೇ ಇದ್ದ. ಹಾರ್ಮೋನಿಯಂ ಮೂಲೆಯಲ್ಲಿತ್ತು, ಅದರ ಮೇಲೆ ಒಂದು ಕಂಬಳಿ ಮುಚ್ಚಿತ್ತು. ಏನಾಯಿತು ಎಂದು ಅತ್ತಿಗೆಯನ್ನು ಕೇಳಿದೆ. “ಅವ್ರನ್ನೇ ಕೇಳಮ್ಮ” ಅಂದರು.

ಅಣ್ಣ ತಾನೇ ಹೇಳಿದ. ಒಂದು ಹಳ್ಳಿಯಲ್ಲಿ ನಾಟಕದ ದಿನ ಅವನು ಆಟದ ನಡುವೆಯೇ ಹಾರ್ಮೋನಿಯಂ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದ. ರಾಜನ ವೇಷದವನು ಪದ್ಯ ಎತ್ತಲು ಶ್ರುತಿಗೆ ಕಾಯುತ್ತ ಬಣ್ಣ ಹಚ್ಚಿಕೊಂಡು ನಿಂತೇ ಇದ್ದನಂತೆ.

“ಯಾರೂ ಬೈಲಿಲ್ಲ ಕಣಮ್ಮ. ಬೈದಿದ್ರೆ ತಡ್ಕತಿದ್ದೆ. ಬೆಳಗ್ಗೆ ಆ ಊರಿನ ಗೌಡ ನನ್ ಹಾರ್ಮೋನಿಯಂನ ತಾನೇ ಹೊತ್ಕಂಡ್ ಬಂದು ಬಸ್ಸಿಗೆ ಹಾಕ್ಸಿದ. ‘ಮೈ ಹುಷಾರು ಮೇಷ್ಟ್ರೇ’ ಅಂದ. ಅಷ್ಟೇ ಅಂದಿದ್ದು.”

ಆ ಸೋಮವಾರ ಮನೆದೇವರ ಮುಂದೆ ಕರ್ಪೂರ ಹಚ್ಚಿ, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಅವ್ವ ಅತ್ತಳು. ಅತ್ತಿಗೆ ಅವನಿಗೆ ಬಿಸಿ ಮುದ್ದೆ ಕಟ್ಟಿ ಹಾಕಿದರು.

ಅವನು ಆಣೆಯನ್ನು ಉಳಿಸಿಕೊಂಡ. ಮೈಯೇ ಅದಕ್ಕೆ ಒಪ್ಪಲಿಲ್ಲ. ಮಾರನೆಯ ದಿನ ಬೆವರು ಹರಿಯತೊಡಗಿತು. ಮೈ ತಣ್ಣಗಿದ್ದರೂ ಅಂಗಿ ನೆನೆಯುತ್ತಿತ್ತು. ಕೈಗೆ ಕೊಟ್ಟ ನೀರಿನ ಲೋಟ ತುಟಿಗೆ ಹೋಗುವಷ್ಟರಲ್ಲಿ ಅರ್ಧ ಖಾಲಿಯಾಗುತ್ತಿತ್ತು. ನಿದ್ದೆ ಅನ್ನುವುದು ಹತ್ತಿರ ಸುಳಿಯಲಿಲ್ಲ. ಅದರ ಮಾರನೆಯ ದಿನ ಹಗಲು, ಜಗಲಿಯಲ್ಲಿ ಕೂತವನು ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು, ಮೈಯೆಲ್ಲ ಸೆಟೆದು ಕೆಳಗೆ ಬಿದ್ದ. ಬಾಯಲ್ಲಿ ನೊರೆ ಬಂತು. ಕೈಕಾಲು ಅದುರಿದವು. ಸ್ವಲ್ಪ ಹೊತ್ತಿಗೆ ಎಚ್ಚರವಾಯಿತು, ಆದರೆ ಎಚ್ಚರಾದವನು ನಮ್ಮಣ್ಣನಂತೆ ಇರಲಿಲ್ಲ.

“ಲೇ, ಕುರಿ ಒಳಕ್ ನುಗ್ತಾವೆ ಕಣ್ರಲೇ! ಬಾಗ್ಲು ಹಾಕ್ರೋ, ಬಾವಿಗ್ ಬಿದ್ಬುಡ್ತಾವೆ!” ಎಂದು ಕೂಗತೊಡಗಿದ. ಅಪ್ಪ ತೀರಿಕೊಂಡ ಮೇಲೆ ಮಂದೆಯನ್ನೆಲ್ಲ ಮಾರಿ ವರ್ಷಗಳಾಗಿದ್ದವು. ಅವನು ಮಾತ್ರ ಇಲ್ಲದ ಕುರಿಗಳನ್ನು ಎರಡೂ ಕೈಯಲ್ಲಿ ತಳ್ಳುತ್ತಿದ್ದ.

ಊರು ಜಗಲಿಯ ಮುಂದೆ ಸೇರಿತು. ಗಾಳಿ ಹಿಡಿದಿದೆ ಎಂದರು ಕೆಲವರು. ಅಪ್ಪನೇ ಮೈಮೇಲೆ ಬಂದಿದ್ದಾನೆ, ಕುರಿ ಮಾರಿದ್ದಕ್ಕೆ ಸಿಟ್ಟು ಎಂದಳು ಪಕ್ಕದ ಮನೆ ಅಜ್ಜಿ. ಪೂಜಾರಪ್ಪನಿಗೆ ಹೇಳಿಕಳಿಸಿದರು. ಅವ್ವ ಎದೆ ಬಡಿದುಕೊಳ್ಳುತ್ತ, “ಒಂದ್ ಲೋಟ ಕುಡ್ಸ್ರೋ, ನನ್ ಮಗ ಉಳ್ಕತಾನೆ” ಎಂದು ಅಳುತ್ತಿದ್ದಳು. ಯಾರೋ ಓಡಿಹೋಗಿ ಸಾರಾಯಿ ತಂದು ಅತ್ತಿಗೆಯ ಕೈಗೆ ಕೊಟ್ಟೇಬಿಟ್ಟರು.

ಅತ್ತಿಗೆ ಲೋಟ ಹಿಡಿದು ಅವನ ಮುಂದೆ ಕೂತರು. ಅವನ ಕಣ್ಣನ್ನೇ ನೋಡುತ್ತ, “ಇಲ್ನೋಡಿ. ಏನ್ ಮಾಡ್ಲಿ? ಕೊಡ್ಲಾ?” ಎಂದು ಕೇಳಿದರು. ಆ ಗೊಂದಲದ ನಡುವೆಯೂ ಒಂದು ಗಳಿಗೆ ಅವನಿಗೆ ಹೆಂಡತಿಯ ಗುರುತು ಸಿಕ್ಕಿತು. ಹಲ್ಲು ಕಟಕಟ ಎನ್ನುತ್ತಿತ್ತು. “ಬ್ಯಾಡ” ಅಂದ. “ಸತ್ರೂ ಬ್ಯಾಡ.”

ಅತ್ತಿಗೆ ಲೋಟವನ್ನು ತಂದವರ ಕೈಗೇ ವಾಪಸು ಕೊಟ್ಟು ಎದ್ದರು. “ಪೂಜಾರಪ್ಪ ಆಮ್ಯಾಕೆ ಬರ್ಲಿ. ನಂಗೆ ಮೊದ್ಲು ಗಾಡಿ ಬೇಕು” ಎಂದರು. ಓದು ಬರಹ ಬಾರದ, ಗಂಡಸರ ಮುಂದೆ ಸೆರಗು ಸರಿಮಾಡಿಕೊಂಡು ಮೂಲೆಯಲ್ಲಿ ನಿಲ್ಲುತ್ತಿದ್ದ ಹೆಂಗಸು ಅವರು. ಆ ಮಧ್ಯಾಹ್ನ ರಸ್ತೆಯವರೆಗೆ ನಡೆದುಹೋಗಿ, ಕಡಲೆಕಾಯಿ ಮೂಟೆ ಹೇರಿಕೊಂಡು ಹೋಗುತ್ತಿದ್ದ ಲಾರಿಗೆ ಅಡ್ಡ ನಿಂತರು. ಮೂಟೆಗಳ ಮೇಲೆ ಅಣ್ಣನನ್ನು ಮಲಗಿಸಿಕೊಂಡು, ಕೈಕಾಲು ಹಿಡಿದುಕೊಂಡು, ಅವ್ವ ನಾನು ಅತ್ತಿಗೆ ಮಧುಗಿರಿಯ ಆಸ್ಪತ್ರೆಗೆ ಬಂದೆವು.

ಅಲ್ಲಿದ್ದ ಡಾಕ್ಟರು ನಡುವಯಸ್ಸಿನವರು, ದಕ್ಷಿಣ ಕನ್ನಡದ ಕಡೆಯ ಮಾತು. ಅಣ್ಣನ ನಾಲಗೆ, ಕಣ್ಣು, ಚಾಚಿದ ಬೆರಳು ನೋಡಿದರು. “ಇವರು ಕುಡಿಯುತ್ತಾರಾ?” ಎಂದು ಕೇಳಿದರು.

“ಅಯ್ಯೋ, ನನ್ ಮಗ ಅಂತೋನಲ್ಲ ಸ್ವಾಮಿ” ಎಂದಳು ಅವ್ವ. “ಹಬ್ಬಕ್ಕೋ ಹುಣ್ಣಿಮೆಗೋ ಒಂದೀಟು…”

ಅತ್ತಿಗೆ ಮುಂದೆ ಬಂದರು. “ಅತ್ತೆ ನಾಚಿಕೆಗೆ ಅಂಗಂತಾರೆ ಸ್ವಾಮಿ. ದಿನಾ ಕುಡೀತಿದ್ರು. ಎದ್ದ್ ಕೂಡ್ಲೆ ಬೇಕಾಗಿತ್ತು. ಸೋಮವಾರ ಆಣೆ ಇಟ್ಟು ಬುಟ್ರು. ಆವಾಗಿನಿಂದ ಇಂಗಾಗೈತೆ.”

ಡಾಕ್ಟರು ಅತ್ತಿಗೆಯ ಕಡೆ ತಿರುಗಿ, “ನೀವು ಸತ್ಯ ಹೇಳಿದ್ದು ಒಳ್ಳೆಯದಾಯಿತಮ್ಮ. ಇಲ್ಲದಿದ್ದರೆ ಇದನ್ನು ಹುಚ್ಚು ಅಂತಲೋ ಮೂರ್ಛೆ ರೋಗ ಅಂತಲೋ ತಿಳಿದು ನಾವು ಹೊತ್ತು ಕಳೆಯುತ್ತಿದ್ದೆವು. ಇದು ಎರಡೂ ಅಲ್ಲ, ಕುಡಿತ ಪಟ್ಟನೆ ನಿಂತಿದ್ದಕ್ಕೆ ಬಂದದ್ದು” ಎಂದರು. ಒಂದು ಇಂಜೆಕ್ಷನ್ನಿಗೆ ಅಣ್ಣನ ಒದ್ದಾಟ ತಗ್ಗಿತು. ಬಿ ವಿಟಮಿನ್ ಸೂಜಿ ಹಾಕಿ, ಆಮೇಲೆ ಗ್ಲೂಕೋಸ್ ಏರಿಸಿದರು. ಕಿಟಕಿಯ ಪಕ್ಕದ, ಹೆಚ್ಚು ಸದ್ದಿಲ್ಲದ ಮಂಚ ಕೊಡಿಸಿದರು. ಮನೆಯವರು ಒಬ್ಬರಾದರೂ ಪಕ್ಕದಲ್ಲಿದ್ದು ಅವನು ಎಲ್ಲಿದ್ದಾನೆ, ಇವತ್ತು ಯಾವ ವಾರ ಎಂದು ಆಗಾಗ ಹೇಳುತ್ತಿರಬೇಕು ಎಂದರು. ಅತ್ತಿಗೆ ಪಕ್ಕ ಬಿಡಲಿಲ್ಲ. “ಇದು ಮಧುಗಿರಿ. ಅಗೋ ಬೆಟ್ಟ. ನಾನು ಇಲ್ಲೇ ಇವ್ನಿ” ಎಂದು ಹೇಳುತ್ತಲೇ ಇದ್ದರು. ಕಿಟಕಿಯಲ್ಲಿ ಕಾಣುತ್ತಿದ್ದ ಆ ದೊಡ್ಡ ಬಂಡೆಯನ್ನು ನೋಡುತ್ತ ನೋಡುತ್ತ ಅಣ್ಣನ ಕುರಿಗಳು ಕಡಿಮೆಯಾದವು. ಒಂದು ದಿನ ಬೆಳಗ್ಗೆ ಅವನೇ, “ಹೊಟ್ಟೆ ಹಸೀತೈತೆ” ಎಂದ.

ಅವನು ಎದ್ದು ಕೂರುವಂತಾದ ಮೇಲೆ ಅತ್ತಿಗೆ ತಮ್ಮ ಮನಸ್ಸಿನಲ್ಲಿದ್ದುದನ್ನು ಡಾಕ್ಟರಿಗೆ ಕೇಳಿದರು. “ಬುಟ್ಟಿದ್ದೇ ತಪ್ಪಾಯ್ತಾ ಸ್ವಾಮಿ? ಅವತ್ತು ಒಂದ್ ಲೋಟ ಕೊಟ್ಟಿದ್ರೆ ಸರಿಯಾಗ್ತಿತ್ತಾ?”

“ಕೊಟ್ಟಿದ್ದರೆ ಆ ಹೊತ್ತಿಗೆ ನಡುಕ ನಿಲ್ಲುತ್ತಿತ್ತು. ಮತ್ತೆ ಮೊದಲಿನ ಜಾಗಕ್ಕೇ ಬರುತ್ತಿದ್ದರು” ಎಂದರು ಡಾಕ್ಟರು. ಆಮೇಲೆ ಅಣ್ಣನ ಮಂಚದ ತುದಿಯಲ್ಲಿ ಕೂತು ಕೇಳಿದರು. “ನಿಮ್ಮ ಕಡೆ ಕಪಿಲೆ ಹೊಡೆಯುತ್ತೀರಲ್ಲ? ಎತ್ತುಗಳು ಬಾವಿಯಿಂದ ನೀರು ಎಳೆಯುವಾಗ ಹಗ್ಗ ಪಟ್ಟನೆ ಕಿತ್ತರೆ ಏನಾಗುತ್ತೆ?”

“ಎತ್ತು ಮುಗ್ಗರಿಸ್ಕಂಡ್ ಬೀಳ್ತವೆ ಸಾರ್” ಎಂದ ಅಣ್ಣ.

“ಯಾಕೆ?”

“ಭಾರ ಎಳೀತಿರ್ತವಲ್ಲ. ಭಾರ ಇದ್ದಕ್ಕಿದ್ದಂಗೆ ಹೋದ್ರೆ?”

“ಅಷ್ಟೇ. ಸಾರಾಯಿ ನಿಮ್ಮ ಮಿದುಳನ್ನು ಅಮುಕುತ್ತೆ. ಮಿದುಳು ಅದರ ವಿರುದ್ಧ ವರ್ಷಗಟ್ಟಲೆ ಜಗ್ಗಿ ಜಗ್ಗಿ ಅಭ್ಯಾಸ ಮಾಡಿಕೊಂಡಿದೆ. ನೀವು ಒಂದೇ ದಿನ ಹಗ್ಗ ಕತ್ತರಿಸಿದಿರಿ. ಅದು ಮುಗ್ಗರಿಸಿತು. ನಾವು ಕೊಡುವ ಮಾತ್ರೆ ಆ ಹಗ್ಗವನ್ನು ನಿಧಾನವಾಗಿ ಸಡಿಲ ಮಾಡುತ್ತೆ. ದಿನ ದಿನಕ್ಕೆ ಕಡಿಮೆ ಮಾಡಿ ಅದನ್ನೂ ನಿಲ್ಲಿಸುತ್ತೇವೆ. ಬಿಟ್ಟದ್ದು ತಪ್ಪಲ್ಲ ಮೇಷ್ಟ್ರೇ. ಯಾರಿಗೂ ತೋರಿಸದೆ ಒಬ್ಬರೇ ಬಿಟ್ಟದ್ದು ಅಪಾಯವಾಯಿತು.”

ಅಣ್ಣ ಎರಡೂ ಕೈ ಜೋಡಿಸಿದ. ಅಲ್ಲಿಯವರೆಗೆ ಅವನು ತನ್ನನ್ನು ದೇವರ ಆಣೆಗೂ ಯೋಗ್ಯನಲ್ಲದ ಮನುಷ್ಯ ಎಂದುಕೊಂಡಿದ್ದ. ತನ್ನದು ಒಂದು ಕಾಯಿಲೆ, ಅದಕ್ಕೊಂದು ಕಾರಣವಿದೆ, ಮದ್ದೂ ಇದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ನಮಗೂ ಹೇಳಿರಲಿಲ್ಲ.

ಮನೆಗೆ ಕಳಿಸುವಾಗ ಡಾಕ್ಟರು ಎಚ್ಚರಿಕೆ ಕೊಟ್ಟರು. ಮೈಗೆ ಹಿಡಿದದ್ದು ಬಿಟ್ಟಿದೆ, ಆಸೆ ಮಾತ್ರ ಹೋಗಿ ಬರುವ ನೆಂಟ, ಬಂದಾಗ ಮಣೆ ಹಾಕಬೇಡಿ ಎಂದರು. ಸಂತೆಯ ದಿನ ಬಂದು ಮುಖ ತೋರಿಸಿ ಹೋಗಬೇಕು ಎಂದರು.

ನಡುಗುವ ಬೆರಳಿಗೆ ಹಾರ್ಮೋನಿಯಂ ಆಗುತ್ತಿರಲಿಲ್ಲ. ಅತ್ತಿಗೆ ಅವನ ಮುಂದೆ ಕಡಲೆಕಾಯಿ ಸುರಿದು, ಬೀಜ ಬಿಡಿಸಲು ಕೂರಿಸಿದರು. ಊರಿನ ಹೆಂಗಸರ ಸಾಲಿನಲ್ಲಿ ಕೂತು ಮೇಷ್ಟ್ರು ಕಾಯಿ ಸುಲಿಯುವುದನ್ನು ನೋಡಿ ಗಂಡಸರು ನಕ್ಕರು. ಅಣ್ಣನೂ ಅವರೊಂದಿಗೆ ನಕ್ಕ. ಸುಲಿಯುತ್ತ ಸುಲಿಯುತ್ತ ಹಾಡು ಹೇಳಿದ, ಹೆಂಗಸರು ದನಿಗೂಡಿಸಿದರು. ಮಳೆಗಾಲ ಕಳೆಯುವಷ್ಟರಲ್ಲಿ ಬೆರಳು ಅವನ ಮಾತು ಕೇಳತೊಡಗಿದವು.

ನಿಜವಾದ ಪರೀಕ್ಷೆ ಸುಗ್ಗಿಯ ನಂತರ ಬಂತು. ಕೊರಟಗೆರೆ ಕಡೆಯ ಒಂದು ಹಳ್ಳಿಯವರು ಕರೆಯಲು ಬಂದರು. ಕಸುಬು ಬಿಟ್ಟರೆ ಹೊಟ್ಟೆಗಿಲ್ಲ. ಕಸುಬಿಗೆ ಹೋದರೆ ಸಾರಾಯಿ ಕಾದಿರುತ್ತದೆ. ಅತ್ತಿಗೆ ಒಂದು ಬಟ್ಟೆಗಂಟು ಕಟ್ಟಿ, “ನಾನೂ ಬತ್ತೀನಿ” ಎಂದರು. ನಾಟಕದ ತಾಲೀಮಿಗೆ ಹೆಂಡತಿಯನ್ನು ಕರೆದುಕೊಂಡು ಹೋದ ಮೇಷ್ಟ್ರನ್ನು ಆ ಸೀಮೆಯಲ್ಲಿ ಯಾರೂ ನೋಡಿರಲಿಲ್ಲ. ಅವ್ವ ಮುಖ ಸಿಂಡರಿಸಿದಳು. ನನಗೂ ಶಾಲೆಗೆ ರಜೆಯಿತ್ತು, ನಾನೂ ಜೊತೆಗೆ ಹೋದೆ.

ನಾವು ಹೋದಾಗ ಊರ ಮುಂದಿನ ಅರಳಿಕಟ್ಟೆಯ ಮೇಲೆ ಹಿರಿಯರು ಸೇರಿದ್ದರು. ಕ್ಷೇಮ ಸಮಾಚಾರ ಮುಗಿದ ಕೂಡಲೇ ಒಬ್ಬರು ತುಂಬಿದ ಲೋಟ ತಂದು ಅಣ್ಣನ ಮುಂದೆ ಹಿಡಿದರು. ಅಣ್ಣ ಕೂತಲ್ಲಿಂದ ಎದ್ದ. ಅವನು ಹೊಟ್ಟೆನೋವು ಎಂದೋ ವ್ರತ ಎಂದೋ ಒಂದು ನೆಪ ಹೇಳುತ್ತಾನೆ ಎಂದು ನಾನು ಎಣಿಸಿದ್ದೆ.

“ನಂಗೆ ಸಾರಾಯಿ ಕಾಯ್ಲೆ ಐತೆ” ಎಂದ, ಎಲ್ಲರಿಗೂ ಕೇಳುವ ಹಾಗೆ. “ಬುಟ್ಟಾಗ ಸಾಯೋ ಅಂಗಾಗಿದ್ದೆ. ಆಸ್ಪತ್ರೇಲಿ ಉಳುಸ್ಕಂಡ್ರು. ನೀವು ಮರ್ವಾದಿಗೆ ಕೊಡ್ತೀರ, ಗೊತ್ತು. ನಂಗೆ ಮಜ್ಗೆ ಕೊಡಿ, ಅದೇ ಮರ್ವಾದಿ.”

ಕೆಲವರು ನೆಲ ನೋಡಿದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಲೋಟ ಹಿಡಿದಿದ್ದ ಹಿರಿಯರು, “ಒಂದ್ ತೊಟ್ಟಿಗೆ ಏನಾಯ್ತದೆ ಮೇಷ್ಟ್ರೇ?” ಎಂದರು.

“ಒಂದ್ ತೊಟ್ಟು ನಿಮ್ಗೆ ಒಂದೇ ತೊಟ್ಟು ಗೌಡ್ರೇ. ನಂಗೆ ಅದು ಕೆರೆ ತೂಬು ಕಿತ್ತಂಗೆ.”

ಆ ಹಿರಿಯರು ಲೋಟವನ್ನು ಪಕ್ಕಕ್ಕಿಟ್ಟು, ಮನೆಯ ಕಡೆ ತಿರುಗಿ ಮಜ್ಜಿಗೆಗೆ ಕೂಗು ಹಾಕಿದರು. ಅಷ್ಟು ಜನ ಗಂಡಸರ ನಡುವೆ ಮೈಯಲ್ಲಿರುವ ಕುಂದನ್ನು ಬಾಯಿ ಬಿಟ್ಟು ಹೇಳುವುದಕ್ಕೆ ಎಂಥ ಎದೆ ಬೇಕು ಎಂದು ನಾನು ಇವತ್ತಿಗೂ ಬೆರಗಾಗುತ್ತೇನೆ. ಅಂದು ಸಂಜೆ ಅತ್ತಿಗೆಯ ಸುತ್ತ ಆ ಊರಿನ ಹೆಂಗಸರು ಕೂತಿದ್ದರು. ಮೊದಲು ಮಕ್ಕಳು ಮರಿ ಎಂದು ಮಾತು ತೆಗೆದರು. ಆಮೇಲೆ ಒಬ್ಬಳು ದನಿ ತಗ್ಗಿಸಿ ಕೇಳಿದಳು. “ಅಕ್ಕ, ಆ ಡಾಕ್ಟ್ರು ಯಾವ ಊರಾಗವ್ರೆ?”

ಆ ವರ್ಷವೆಲ್ಲ ಅತ್ತಿಗೆ ಜೊತೆಯಲ್ಲೇ ಓಡಾಡಿದರು. ಮರುವರ್ಷ ಅವರು ಬಾಣಂತಿ, ನಾನು ರಜೆಗೆ ಊರಲ್ಲಿದ್ದೆ. ಪಾವಗಡದಿಂದಾಚೆ, ಆಂಧ್ರದ ಗಡಿಗೆ ಅಂಟಿದ ಒಂದು ಹಳ್ಳಿಗೆ ಅಣ್ಣ ಒಬ್ಬನೇ ಹೋದ. ಬರುತ್ತೇನೆ ಎಂದ ದಿನಕ್ಕೆ ಬರಲಿಲ್ಲ. ಇನ್ನೂ ನಾಲ್ಕೈದು ದಿನ ಕಳೆದವು. ಅವ್ವ ಮನೆದೇವರಿಗೆ ಮುಡಿಪು ಕಟ್ಟಿದಳು. ಅತ್ತಿಗೆ ಮಗುವನ್ನು ಎತ್ತಿಕೊಂಡು ರಸ್ತೆಯ ಕಡೆ ನೋಡುತ್ತ ಕೂತಿರುತ್ತಿದ್ದರು. ಆಗ ಬಸ್ಸಿನ ಕಂಡಕ್ಟರೊಬ್ಬರು ನಮ್ಮ ಜಗಲಿಗೆ ಬಂದು, “ನಿಮ್ ಮೇಷ್ಟ್ರು ಮಧುಗಿರಿ ಆಸ್ಪತ್ರೇಲವ್ರೆ. ಗಾಬ್ರಿ ಬ್ಯಾಡ ಅಂತ ಹೇಳೋಕ್ ಹೇಳವ್ರೆ” ಎಂದರು.

“ಯಾರ್ ಕರ್ಕಂಡ್ ಹೋಗಿ ಸೇರ್ಸಿದ್ರು?” ಎಂದು ಕೇಳಿದರು ಅತ್ತಿಗೆ.

“ಯಾರೂ ಇಲ್ಲಮ್ಮ. ಪಾವಗಡದಾಗೆ ನನ್ ಬಸ್ಸೇ ಹತ್ತಿದ್ರು. ವಾಸ್ನೆ ಬತ್ತಿತ್ತು, ಸುಳ್ಳ್ಯಾಕೆ ಹೇಳ್ಲಿ. ಆಸ್ಪತ್ರೆ ಹತ್ರ ನಿಲ್ಸಪ್ಪ ಅಂತ ಇಳ್ಕಂಡ್ರು.”

ವಾಸನೆ ಎಂಬ ಮಾತು ಕೇಳಿ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತಿಗೆ ಮಾತ್ರ, “ತಾನಾಗೇ ಇಳ್ಕಂಡ್ರಾ?” ಎಂದು ಇನ್ನೊಮ್ಮೆ ಕೇಳಿದರು. ಹೌದು ಎಂದಾಗ ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. “ಅಂಗಾದ್ರೆ ಗೆದ್ರು ಬುಡು” ಎಂದು ಮಗುವಿನ ಹಣೆಗೆ ಮುತ್ತಿಟ್ಟರು.

ಆಸ್ಪತ್ರೆಗೆ ನಾನು ಹೋದೆ. ಅಣ್ಣನ ಕಣ್ಣು ಕೆಂಪಗಿದ್ದವು, ಕೈ ನಡುಗುತ್ತಿತ್ತು. ಆದರೆ ಬುದ್ಧಿ ನೆಟ್ಟಗಿತ್ತು. ನಡೆದದ್ದನ್ನು ಮುಚ್ಚಿಡದೆ ಹೇಳಿದ. ಆಟ ಚೆನ್ನಾಗಿ ಆಗಿತ್ತು. ಸಂತೋಷಕ್ಕೆ ಎಲ್ಲರೂ ಸುತ್ತ ಸೇರಿ, ಹೆಗಲ ಮೇಲೆ ಕೈ ಹಾಕಿ, “ಏಮಿ ಮೇಷ್ಟ್ರೂ, ಒಕ್ಕ ಗುಕ್ಕ ತಾಗಂಡಿ, ಏಮೀ ಕಾದು” ಎಂದು ತೆಲುಗಿನಲ್ಲಿ ಒತ್ತಾಯ ಮಾಡಿದರಂತೆ. ಏನೂ ಆಗುವುದಿಲ್ಲ ಎಂದು ಅವರು ಹೇಳಿದ ಆ ಒಂದು ಗುಟುಕು ಹಲವು ದಿನದ ಕುಡಿತವಾಯಿತು.

“ಒಂದಿನ ಬೆಳಗ್ಗೆ ಕೈ ಮತ್ತೆ ನಡುಗ್ತು ಕಣಮ್ಮ. ಅಲ್ಲೇ ಬುಟ್ಬುಟ್ರೆ ಹೋದ್ಸಲದಂಗೆ ಬಿದ್ಕತೀನಿ. ಬುಡ್ದಿದ್ರೆ ಮುಗ್ದೇ ಹೋಯ್ತೀನಿ. ಮನೆಗ್ ಬಂದ್ರೆ ನಿಮ್ ಅತ್ತಿಗೆ ಮುಖ ನೋಡ್ಬೇಕು. ಅದ್ಕೆ ಡಾಕ್ಟ್ರ ಹತ್ರ ಬಂದ್ಬುಟ್ಟೆ. ‘ಬಿದ್ದೆ ಸಾರ್, ಎಬ್ಬುಸಿ’ ಅಂದೆ.”

“ಡಾಕ್ಟರು ಏನಂದರು?”

“ಬೈತಾರೆ ಅನ್ಕಂಡಿದ್ದೆ. ಕುರ್ಚಿ ತೋರ್ಸಿ, ‘ಬಂದಿರಲ್ಲ, ಕೂತ್ಕೊಳ್ಳಿ’ ಅಂದ್ರು.”

ಈ ಸಲ ಫಿಟ್ಸ್ ಬರಲಿಲ್ಲ, ಕುರಿಗಳೂ ಬರಲಿಲ್ಲ. ಬೇಗ ಮನೆಗೆ ಬಂದ. ಅತ್ತಿಗೆ ಬಾಗಿಲಲ್ಲಿ ಮಗುವನ್ನು ಅವನ ಕೈಗೆ ಕೊಟ್ಟು, ನೀರು ಕಾಯಿಸಲು ಒಳಗೆ ಹೋದರು. ಅವನು ಹಾಗೆ ಬಿದ್ದದ್ದನ್ನು ಅವರು ಜಗಳದಲ್ಲೂ ಎತ್ತಿ ಆಡಿದ್ದನ್ನು ನಾನು ಕೇಳಿಲ್ಲ. ಅಣ್ಣ ಮತ್ತೆ ಕುಡಿಯಲಿಲ್ಲ. ಆಸೆ ಬಂದ ದಿನಗಳು ಎಷ್ಟೋ ಇದ್ದವು. ಅಂಥ ದಿನ ಅವನು ಸುಮ್ಮನೆ ಎದ್ದು ಕೆರೆ ಏರಿಯ ಮೇಲೆ ನಡೆಯಲು ಹೋಗುತ್ತಿದ್ದ. ಕೆಲವೊಮ್ಮೆ ಅತ್ತಿಗೆಗೆ, “ಇವತ್ತು ನೆಂಟ ಬಂದವ್ನೆ” ಎನ್ನುತ್ತಿದ್ದ. ಅವರು ಕೈಕೆಲಸ ಬಿಟ್ಟು ಅವನೊಡನೆ ಹೊರಡುತ್ತಿದ್ದರು.

ಎಂಬತ್ತರ ದಶಕದಲ್ಲಿ ನಮ್ಮ ಜಗಲಿಗೆ ನಾಟಕಕ್ಕೆ ಕರೆಯುವವರ ಜೊತೆ ಬೇರೆಯವರೂ ಬರತೊಡಗಿದರು. ಗಂಡನನ್ನು ಎಳೆದುಕೊಂಡು ಬರುವ ಹೆಂಗಸರು, ತಮ್ಮನನ್ನು ಕರೆತರುವ ಅಣ್ಣಂದಿರು. ಅಣ್ಣ ಎಲ್ಲರಿಗೂ ಮೊದಲು ಹೇಳುತ್ತಿದ್ದುದು ಒಂದೇ. “ರೋಷಕ್ಕೆ ಇವತ್ತೇ ಪಟ್ನೆ ಬುಡ್ಬ್ಯಾಡ ಕಣಪ್ಪ. ನಡಿ, ಡಾಕ್ಟ್ರ ಹತ್ರ ಹೋಗಿ ಬುಡಾನ.” ಎಲ್ಲರೂ ಗೆಲ್ಲಲಿಲ್ಲ. ನಮ್ಮೂರಿನವನೇ ಒಬ್ಬ, ಒಳ್ಳೆಯ ಹಾಡುಗಾರ, ಆಸ್ಪತ್ರೆಯಿಂದ ಬಂದು ತಿಂಗಳೊಳಗೆ ಮತ್ತೆ ಹಿಡಿದ. ಹೊಟ್ಟೆಗೆ ನೀರು ತುಂಬಿಕೊಂಡು ತೀರಿಹೋದ. ಅವನ ಮಣ್ಣು ಮುಗಿಸಿ ಬಂದ ದಿನ ಅಣ್ಣ ಉಣ್ಣಲಿಲ್ಲ.

ಅವರಲ್ಲಿ ನನಗೆ ಹೆಚ್ಚು ನೆನಪಿರುವುದು ಕೊರಟಗೆರೆಯ ಒಬ್ಬ ಅಂಗಡಿ ಯಜಮಾನರು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ತಲೆಮಾರುಗಳಿಂದ ಮಠಕ್ಕೆ ನಡೆದುಕೊಳ್ಳುವ ಮನೆ. ನಾಟಕ ಆಡಿಸಬೇಕು ಎಂದು ಮಾತು ತೆಗೆದು, ಎರಡು ಲೋಟ ಕಾಫಿ ಕುಡಿದು, ಎಲ್ಲರೂ ಎದ್ದುಹೋದ ಮೇಲೂ ಕೂತೇ ಇದ್ದರು. ಲೋಟ ಹಿಡಿದಾಗ ಎರಡು ಕೈಯೂ ಬೇಕಾಗಿದ್ದನ್ನು ಅಣ್ಣ ಗಮನಿಸಿದ್ದ.

“ಬೆಳಗ್ಗೆ ಪೂಜೆಗೆ ಮುಂಚೇನೇ ಬೇಕಾಗುತ್ತಾ ಯಜಮಾನ್ರೇ?” ಎಂದು ಮೆತ್ತಗೆ ಕೇಳಿದ.

ಅವರು ಹೆಗಲ ಮೇಲಿನ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. “ನಮ್ಮ ಮನೆಯಲ್ಲಿ ಇದರ ಹೆಸರು ಎತ್ತುವ ಹಾಗಿಲ್ಲ ಮೇಷ್ಟ್ರೇ. ಗೋದಾಮಿನಲ್ಲಿ ಮೂಟೆಗಳ ಹಿಂದೆ ನಿಂತು ಕುಡಿಯುತ್ತೀನಿ. ಯಾರ ಹತ್ತಿರ ಹೇಳಲಿ?”

“ನನ್ ಹತ್ರ ಹೇಳುದ್ರಲ್ಲ. ಇನ್ನೊಬ್ರಿಗೆ ಹೇಳ್ಬೇಕು, ನಿಮ್ ಯಜಮಾಂತಿಗೆ. ಅವ್ರಿಗೆ ಗೊತ್ತಿಲ್ಲ ಅನ್ಕಬ್ಯಾಡಿ.”

ಆಕೆಗೆ ಗೊತ್ತೇ ಇತ್ತು. ಮುಂದಿನ ವಾರ ಗಂಡ ಹೆಂಡತಿ ಇಬ್ಬರೂ ಬಂದರು. ಅಣ್ಣ, ಅತ್ತಿಗೆ ಅವರ ಜೊತೆ ಮಧುಗಿರಿಗೆ ಹೋದರು. ಹಳೆಯ ಡಾಕ್ಟರಿಗೆ ಆಗಲೇ ವರ್ಗವಾಗಿತ್ತು. ಹೊಸಬರು ಎಳೆಯ ವಯಸ್ಸಿನವರು, ಅಣ್ಣನ ಮಾತನ್ನು ತಾಳ್ಮೆಯಿಂದ ಕೇಳಿ, ಅದೇ ರೀತಿಯ ಮದ್ದು ನಡೆಸಿದರು. ಯಜಮಾನರು ಮಂಚದ ಮೇಲೆ ಬೆವೆತು ನಡುಗುತ್ತಿದ್ದಾಗ ಅಣ್ಣ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡಿದ್ದ. ಕುರಿ ಕಾಯುವವರ ಮಗನ ಕೈಯಿಂದ ಆ ಮನೆಯವರು ಅದಕ್ಕೆ ಮೊದಲು ಒಂದು ತುತ್ತನ್ನೂ ಉಂಡಿರಲಾರರು. ಆ ದಿನ ನಾನು ಊಟದ ಕ್ಯಾರಿಯರ್ ಹಿಡಿದು ವಾರ್ಡಿಗೆ ಹೋದಾಗ, ಅತ್ತಿಗೆ ತಂದ ರಾಗಿ ಗಂಜಿಯನ್ನು ಅಣ್ಣ ಚಮಚದಲ್ಲಿ ಅವರಿಗೆ ಕುಡಿಸುತ್ತಿದ್ದ. ಯಜಮಾನರು ಒಂದೊಂದೇ ಗುಟುಕು ನುಂಗುತ್ತ, “ಉಪ್ಪು ಕಡಿಮೆ ಆಯ್ತು ಮೇಷ್ಟ್ರೇ” ಎಂದರು.

“ನಾಲ್ಗೆಗೆ ರುಚಿ ಬಂತು, ಇನ್ನು ಭಯ ಇಲ್ಲ” ಎಂದು ಅಣ್ಣ ಜೋರಾಗಿ ನಕ್ಕ. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಯಜಮಾನರ ಹೆಂಡತಿ ಉಪ್ಪು ಕೇಳಿಕೊಂಡು ಬರಲು ಎದ್ದರು.